ಹವಳದ ತೊಟ್ಟಿಯಲ್ಲಿ ಕೆಂಪು ಲೋಳೆ

ಪ್ರಶ್ನೆ: ಹವಳ ಸಾಕಿರುವ ಉಪ್ಪುನೀರಿನ ಅಕ್ವೇರಿಯಂನಲ್ಲಿ ನೈಟ್ರೇಟನ್ನು ಸೊನ್ನೆಗೆ ಇಳಿಸಿದರೂ ಮರಳಿನ ಮೇಲೆ ಕೆಂಪು ಲೋಳೆ ಹಬ್ಬುವುದೇಕೆ?

ಉತ್ತರ: ಪಾಚಿಯಂತೆ ಕಂಡರೂ ಅದು ಸಯನೋಬ್ಯಾಕ್ಟೀರಿಯಾಗಳ ಹಾಸು. ಇವು ಗಿಡಗಳಂತೆ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುತ್ತವೆ. ದೀಪ ಉರಿದು ಕೆಲವು ಗಂಟೆ ಕಳೆದ ಮೇಲೆ ಹಾಸಿನ ಮೇಲೆ ಮುತ್ತಿನಂತೆ ನಿಲ್ಲುವ ಗುಳ್ಳೆಗಳು ಅವು ಬಿಟ್ಟ ಆಮ್ಲಜನಕ.

ಬೆಳೆಯಲು ಎಲ್ಲ ಜೀವಿಗಳಿಗೂ ಸಾರಜನಕ, ರಂಜಕ ಎರಡೂ ಬೇಕು. ಮೀನಿನ ಆಹಾರ, ಹಿಕ್ಕೆ ಕೊಳೆತಾಗ ಇವು ನೈಟ್ರೇಟ್, ಫಾಸ್ಫೇಟ್ ರೂಪದಲ್ಲಿ ನೀರಿಗೆ ಸೇರುತ್ತವೆ. ನೈಟ್ರೇಟ್ ತೀರಿ ಫಾಸ್ಫೇಟ್ ಮಾತ್ರ ಉಳಿದರೆ ಪಾಚಿ, ಇತರ ಬ್ಯಾಕ್ಟೀರಿಯಾ ಸೊರಗುತ್ತವೆ. ಆದರೆ ಸಯನೋಬ್ಯಾಕ್ಟೀರಿಯಾಗಳ ಹಲವು ಬಗೆಗಳು ನೀರಿನಲ್ಲಿ ಕರಗಿದ ಸಾರಜನಕ ಅನಿಲವನ್ನೇ ಗೊಬ್ಬರ ಮಾಡಿಕೊಳ್ಳಬಲ್ಲವು. ಗೊಬ್ಬರ ಕಾಣದ ಹೊಲದಲ್ಲಿ ರಾಗಿ ಸೊರಗಿದರೂ ಬೇರುಗಂಟಿನ ಬಲದಿಂದ ಹುರುಳಿ ಹಬ್ಬುತ್ತದಲ್ಲ, ಹಾಗೆಯೇ ಇದು. ಪೈಪೋಟಿ ಇಲ್ಲದ ಮರಳೆಲ್ಲ ಲೋಳೆಯ ಪಾಲಾಗುತ್ತದೆ.

ಇದಕ್ಕೆ ಮದ್ದು ಸಮತೋಲನ. ಕಡಲಿನ ತೇಲುಜೀವಿಗಳಲ್ಲಿ ಸಾರಜನಕದ ಸುಮಾರು 16 ಪರಮಾಣುಗಳಿಗೆ ರಂಜಕದ್ದು 1 ಎಂಬ ಲೆಕ್ಕವಿದೆ. ವಿಜ್ಞಾನಿ ಆಲ್‌ಫ್ರೆಡ್ ರೆಡ್‌ಫೀಲ್ಡ್ ಅವರ ಹೆಸರಿನಲ್ಲೇ ಅದು ಪ್ರಸಿದ್ಧ. ತೊಟ್ಟಿಯಲ್ಲಿ ಎರಡೂ ಅಲ್ಪ ಪ್ರಮಾಣದಲ್ಲಿ ಇರಲೇಬೇಕು. ಲೀಟರಿಗೆ ಸುಮಾರು 5 ಮಿಲಿಗ್ರಾಂ ನೈಟ್ರೇಟ್, 0.05 ಮಿಲಿಗ್ರಾಂ ಫಾಸ್ಫೇಟ್ ಇದ್ದರೆ ಒಳ್ಳೆಯದು. ಲೋಳೆಯನ್ನು ಕೊಳವೆಯಿಂದ ಹೀರಿ ತೆಗೆಯಿರಿ, ನೀರಿನ ಹರಿವು ಹೆಚ್ಚಿಸಿ, ಪ್ರಮಾಣಗಳನ್ನು ವಾರಗಟ್ಟಲೆ ನಿಧಾನವಾಗಿ ಸರಿಪಡಿಸಿ. ನೈಟ್ರೇಟ್ ಪೂರ್ತಿ ಸೊನ್ನೆಯಾದರೆ ಹವಳಕ್ಕೂ ಉಪವಾಸವೇ.