ಅಂಗಚಿಕಿತ್ಸೆಯಲ್ಲಿ ಕ್ರಿಯಾಪದದ ರೂಪಗಳು

ಕುಂದಿದ ಅಂಗಕ್ಕೆ ಚಲನೆಯನ್ನು ಮರಳಿ ಕಲಿಸುವ ಶಾಸ್ತ್ರಕ್ಕೆ ಫಿಜಿಯೋಥೆರಪಿ ಎಂಬ ಹೆಸರು ರೂಢಿಯಲ್ಲಿದೆ. ಅಂಗಚಿಕಿತ್ಸೆ ಎಂದರೂ ಅರ್ಥಕ್ಕೆ ಕೊರತೆಯಿಲ್ಲ. ಇದರ ಫಲವು ಚಿಕಿತ್ಸಾಲಯದಲ್ಲಿ ಕಾಣಿಸಿಕೊಂಡು ಮನೆಯಲ್ಲಿ ಅಳಿದುಹೋಗುವುದುಂಟು. ಹೇಳಿಕೊಟ್ಟ ಸಾಧನೆಯನ್ನು ಕೆಲವು ದಿನ ನಡೆಸಿ, ನೋವು ತುಸು ಹೆಚ್ಚಿದೊಡನೆ ರೋಗಿಯು ಕೈಬಿಡುತ್ತಾನೆ. ಈ ಕೊರತೆಯನ್ನು ಮಾತಿನಿಂದ ತುಂಬಬಹುದೆಂದು ಸಾರುವ ಪದ್ಧತಿಗಳಲ್ಲಿ ನ್ಯೂರೋ-ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್ ಎಂಬುದೊಂದು. ಅದರಲ್ಲಿ ಒಪ್ಪತಕ್ಕುದೆಷ್ಟು, ಒಪ್ಪಿದುದನ್ನು ಕನ್ನಡದಲ್ಲಿ ನಡೆಸುವ ಬಗೆ ಹೇಗೆ ಎಂಬ ವಿಚಾರವು ವೈದ್ಯರಿಗೆ ಮಾತ್ರವಲ್ಲದೆ ವ್ಯಾಕರಣವನ್ನು ಬಲ್ಲವರಿಗೂ ಸೇರಿದುದಾಗಿದೆ.

ಈ ಪದ್ಧತಿಯು 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಕ್ರೂಜ಼್‌ನಲ್ಲಿ ಹುಟ್ಟಿತು. ಸ್ಥಾಪಕರಾದ ರಿಚರ್ಡ್ ಬ್ಯಾಂಡ್ಲರ್ ಮತ್ತು ಜಾನ್ ಗ್ರಿಂಡರ್ ಎಂಬವರಲ್ಲಿ ಎರಡನೆಯವರು ಭಾಷಾಶಾಸ್ತ್ರದ ಅಧ್ಯಾಪಕರು. ಮನುಷ್ಯನು ತನ್ನ ಅನುಭವವನ್ನು ಹೇಳುವಾಗ ಕೆಲವನ್ನು ಬಿಡುತ್ತಾನೆ, ಕೆಲವನ್ನು ಸರ್ವಕಾಲಕ್ಕೂ ಹರಡುತ್ತಾನೆ, ಕೆಲವನ್ನು ತಿರುಚುತ್ತಾನೆ. ಪ್ರಶ್ನೆಗಳಿಂದ ಇವನ್ನು ಬಿಡಿಸಬೇಕೆಂಬುದು 1975ರಲ್ಲಿ ಹೊರಬಂದ ಅವರ ಮೊದಲ ಗ್ರಂಥದ ತಿರುಳು. ಬಳಿಕ ಸೇರಿಕೊಂಡ ಹಿರಿಯ ಭರವಸೆಗಳು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಕಣ್ಣಿನ ಚಲನೆಯಿಂದ ಸುಳ್ಳನ್ನು ಗುರುತಿಸಬಹುದೆಂಬ ಮಾತನ್ನು 2012ರ ಪ್ರಯೋಗಗಳು ಸಮರ್ಥಿಸಲಿಲ್ಲ. ಆರೋಗ್ಯಫಲಗಳ ವಿಷಯದಲ್ಲಿ ಅದೇ ವರ್ಷ ಬ್ರಿಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ಬಂದ ಸಮೀಕ್ಷೆಗೂ ಸಾಕಷ್ಟು ಆಧಾರವು ದೊರೆಯಲಿಲ್ಲ. ಹೆಸರಿನಲ್ಲಿರುವ ನರವಿಜ್ಞಾನವು ಬಹುಮಟ್ಟಿಗೆ ಅಲಂಕಾರವೇ ಸರಿ. ಉಳಿಸಿಕೊಳ್ಳತಕ್ಕುದು ಪ್ರಶ್ನೆ ಕೇಳುವ ವಿಧಾನವೊಂದು. ಆದರೆ ಅದು ಇಂಗ್ಲಿಷಿನ ವಾಕ್ಯಗಳ ಮೇಲೆ ಕಟ್ಟಿದುದು. ಕನ್ನಡಕ್ಕೆ ಪದಶಃ ಇಳಿಸಿದರೆ ಕೆಲಸಕ್ಕೆ ಬಾರದು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ದುಡಿಮೆಯು ದೇಹದ ಮೇಲೆ ಬೀಳುವ ನಾಡಿದು. ರಾಮನಗರದಲ್ಲಿ ರೇಷ್ಮೆನೂಲು ಬಿಚ್ಚುವವರು ಬಿಸಿನೀರಿನ ತೊಟ್ಟಿಯ ಮುಂದೆ ಹೊತ್ತುಗಟ್ಟಲೆ ಒಂದೇ ಭಂಗಿಯಲ್ಲಿರುತ್ತಾರೆ. ಚನ್ನಪಟ್ಟಣದ ಬೊಂಬೆಯ ಕುಶಲಿಗಳು ತಿರುಗುವ ಹಾಲೆಮರದ ತುಂಡಿಗೆ ಉಳಿಯೊಡ್ಡಿ, ಬಣ್ಣದ ಅರಗನ್ನೊತ್ತಿ, ಮಣಿಕಟ್ಟು ಭುಜಗಳನ್ನು ಸವೆಸುತ್ತಾರೆ. ಕನಕಪುರ ಮಾಗಡಿಗಳ ಹೊಲಗಳಲ್ಲಿ ಹಿಪ್ಪುನೇರಳೆಯ ಸೊಪ್ಪು ಕೊಯ್ಯುವುದೂ ರಾಗಿಯ ಕಳೆ ತೆಗೆಯುವುದೂ ಬಾಗಿದ ಬೆನ್ನಿನ ಕೆಲಸಗಳು. ಇಂಥವರಿಗೆ ಸೊಂಟ ನಿಂತರೆ ಅಂದಿನ ಕೂಲಿಯೂ ನಿಲ್ಲುತ್ತದೆ.

ಈ ದುಡಿಮೆಗಾರರಲ್ಲಿ ಒಬ್ಬಾಕೆಯು ಚಿಕಿತ್ಸಕನ ಮುಂದೆ ಕುಳಿತಿರುವಳೆಂದು ಭಾವಿಸೋಣ. ಆತನು, “ಏಳಿ ಅಮ್ಮ, ಬೆನ್ನು ನೆಟ್ಟಗೆ ಮಾಡಿ” ಎನ್ನುತ್ತಾನೆ. ಆಕೆ, “ಏಳಕ್ಕಾಗಲ್ಲಪ್ಪ” ಎನ್ನುತ್ತಾಳೆ. ಶಾಲೆಯ ವ್ಯಾಕರಣದಲ್ಲಿ ಹೇಳುವುದಾದರೆ, ಚಿಕಿತ್ಸಕನ ಮಾತು ವಿಧ್ಯರ್ಥಕ, ಆಕೆಯದು ನಿಷೇಧಾರ್ಥಕ. ಏಳೆನು, ಏಳಲಾರೆನು ಎಂಬ ಗ್ರಾಂಥಿಕ ನಿಷೇಧರೂಪಗಳಲ್ಲಿ ಕಾಲವನ್ನು ಸೂಚಿಸುವ ಪ್ರತ್ಯಯವಿಲ್ಲವೆಂಬುದು ಅಧ್ಯಾಪಕರಿಗೆ ತಿಳಿದ ವಿಷಯ. ಆಡುಮಾತಿನ “ಆಗಲ್ಲ” ಎಂಬುದೂ ಇಂದನ್ನೂ ನಾಳೆಯನ್ನೂ ಒಂದೇ ಉಸಿರಿನಲ್ಲಿ ನಿರಾಕರಿಸುತ್ತದೆ. ಇಂಗ್ಲಿಷಿನವನು ಮಾತನ್ನು ಸರ್ವಕಾಲಕ್ಕೂ ಹರಡಬೇಕಾದರೆ “ಎಂದಿಗೂ” ಎಂಬರ್ಥದ ಪದವನ್ನು ಸೇರಿಸಬೇಕು. ಕನ್ನಡದಲ್ಲಿ ಕ್ರಿಯಾಪದವೇ ಆ ಕೆಲಸವನ್ನು ಸದ್ದಿಲ್ಲದೆ ಮಾಡಿಬಿಡುತ್ತದೆ. ಆದುದರಿಂದ ಇಲ್ಲಿ ಕೇಳತಕ್ಕ ಪ್ರಶ್ನೆಯು “ಏಕೆ ಆಗದು?” ಎಂಬುದಲ್ಲ. ಅದಕ್ಕೆ ಬರುವ ಉತ್ತರವು ನೋವಿನ ಪುರಾಣವೇ. “ಯಾವ ಹೊತ್ತಿನಲ್ಲಿ ಆಗದು? ಬೆಳಗ್ಗೆ ಹೇಗೆ ಎದ್ದಿರಿ?” ಎಂದು ಕೇಳಬೇಕು, ನಿಷೇಧಕ್ಕೆ ಕಾಲವನ್ನು ಕೊಡಬೇಕು. “ಗೋಡೆ ಹಿಡ್ಕೊಂಡು ಎದ್ದೆ” ಎಂದು ಆಕೆ ಹೇಳಿದರೆ ಚಿಕಿತ್ಸೆಗೆ ಮೊದಲ ಹಿಡಿ ದೊರೆತಂತೆ.

ಕನ್ನಡದಲ್ಲಿ ಮೂರನೆಯದೊಂದು ರೂಪವುಂಟು, ಸಂಭಾವನಾರ್ಥಕ: ಎದ್ದೇನು, ನಡೆದೇನು, ಬಂದೇನು. ಮುಂದೆ ಆಗಬಹುದಾದುದನ್ನು ಹೇಳುವ ಈ ರೂಪವು ನಿಂತಿರುವುದು ಭೂತಕಾಲದ ಅಂಗದ ಮೇಲೆ. ಎದ್ದ, ನಡೆದ, ಬಂದ ಎಂಬುವೇ ಇದಕ್ಕೆ ತಳಹದಿ. ಭಾಷೆಯ ಈ ಕಟ್ಟಡದಿಂದ ದೇಹದ ನಿಯಮವು ಸಿದ್ಧವಾಗುತ್ತದೆಂದು ಹೇಳಲಾಗದು. ಆದರೂ ಎರಡಕ್ಕೂ ಇರುವ ಹೊಂದಿಕೆಯು ಗಮನಾರ್ಹ. ತಾನು ಮಾಡಬಲ್ಲೆನೆಂಬ ನಂಬಿಕೆಗೆ ತಾನೇ ಹಿಂದೆ ಮಾಡಿದ ಕಾರ್ಯದ ಅನುಭವವೇ ಎಲ್ಲಕ್ಕಿಂತ ಬಲವಾದ ಮೂಲವೆಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರರು 1977ರಲ್ಲಿ ಪ್ರತಿಪಾದಿಸಿದರು. ಬ್ಯಾಂಡ್ಲರ್, ಗ್ರಿಂಡರ್ ಇಬ್ಬರೂ ಮಾದರಿಯೆಂದು ಅಭ್ಯಸಿಸಿದ ಮಿಲ್ಟನ್ ಎರಿಕ್ಸನ್ ಎಂಬ ವೈದ್ಯರು 17ನೆಯ ವಯಸ್ಸಿನಲ್ಲಿ ಪೋಲಿಯೋದಿಂದ ಅಂಗಗಳ ಶಕ್ತಿಯನ್ನು ಕಳೆದುಕೊಂಡಿದ್ದರು. ಹಾಸಿಗೆಯಲ್ಲಿದ್ದು ತಮ್ಮ ಹಿಂದಿನ ಚಲನೆಗಳನ್ನು ನೆನೆನೆನೆದು, ನಡೆಯಲು ಕಲಿಯುತ್ತಿದ್ದ ಎಳೆಯ ತಂಗಿಯನ್ನು ನೋಡಿ ನೋಡಿ ಮರಳಿ ನಡೆಯಲು ಕಲಿತೆನೆಂದು ಅವರೇ ಹೇಳುತ್ತಿದ್ದರು. ಗೋಡೆ ಹಿಡಿದು ಎದ್ದುದನ್ನು ನೆನೆದಾಕೆಯು “ಮಣೆ ಹಿಡಿದು ಎದ್ದೇನು” ಎಂಬಲ್ಲಿಗೆ ಬಂದರೆ, ಮನೆಯಲ್ಲಿಯೂ ಆ ಸಾಧನೆಯು ಮುಂದುವರಿಯುವ ಸಂಭವ ಹೆಚ್ಚು.

ನಾಮಪದಗಳಲ್ಲಿಯೂ ಎಚ್ಚರ ಬೇಕು. ಜನರ ಮಾತಿನಲ್ಲಿ “ನರ” ಎಂಬುದು ರಕ್ತನಾಳಕ್ಕೂ ಸ್ನಾಯುರಜ್ಜುವಿಗೂ ನಿಜವಾದ ನರಕ್ಕೂ ಸಲ್ಲುತ್ತದೆ. “ನರ ಹಿಡಿದಿದೆ” ಎಂದವರ ಮನಸ್ಸಿನಲ್ಲಿರುವುದು ಯಾವುದೆಂದು ಕೇಳಿ ತಿಳಿಯಬೇಕು. “ಮಂಡಿ ಸವೆದುಹೋಗಿದೆ” ಎಂಬ ಮಾತು ಇನ್ನೂ ಕೆಡುಕಿನದು. ಅನೇಕ ವೇಳೆ ಅದನ್ನು ರೋಗಿಗೆ ಕಲಿಸಿದವರು ಚಿಕಿತ್ಸಕರೇ. ಸವೆದ ವಸ್ತುವನ್ನು ಬಳಸಬಾರದೆಂದು ಯಾರಾದರೂ ತಿಳಿಯುವರು. ಮಂಡಿಯ ಸಂಧಿವಾತಕ್ಕಾದರೋ ತಕ್ಕ ವ್ಯಾಯಾಮವೇ ಮುಖ್ಯ ಚಿಕಿತ್ಸೆಗಳಲ್ಲಿ ಒಂದು. ಎಕ್ಸ್-ರೇ ಚಿತ್ರದಲ್ಲಿ ಕಾಣುವ ಸವೆತಕ್ಕೂ ನೋವಿನ ಪ್ರಮಾಣಕ್ಕೂ ನೇರವಾದ ಹೊಂದಿಕೆಯಿಲ್ಲ.

ಮಾತಿಗೆ ಮೀರಿದ ಸಂಗತಿಗಳೂ ಇವೆ. ತೊಟ್ಟಿಯ ಎತ್ತರವು ತಪ್ಪಾಗಿದ್ದರೆ ಮೊದಲು ಅದನ್ನು ತಿದ್ದಬೇಕು. ಬೆನ್ನುನೋವಿನೊಡನೆ ತೊಡೆಸಂದು ಮರಗಟ್ಟುವುದು, ಕಾಲಿನ ಶಕ್ತಿ ಕುಂದುವುದು, ಮೂತ್ರದ ಹಿಡಿತ ತಪ್ಪುವುದು ಇವುಗಳಲ್ಲಿ ಯಾವುದು ಕಂಡರೂ ಪ್ರಶ್ನೆಗಳನ್ನೂ ಸಾಧನೆಯನ್ನೂ ಅಲ್ಲಿಯೇ ನಿಲ್ಲಿಸಿ, ರೋಗಿಯನ್ನು ಒಡನೆ ಆಸ್ಪತ್ರೆಗೆ ಕಳುಹಿಸತಕ್ಕದ್ದು.