ಯಂತ್ರದೊಳಗಿನ ಯಂತ್ರಕ್ಕೆ ಎಷ್ಟನ್ನು ತಿಳಿಸಬೇಕು?

ಗಣಕವಿದ್ಯೆಯ ಪ್ರಸಂಗದಲ್ಲಿ ಪುಣೆಯ ಹೆಸರೆತ್ತಿದೊಡನೆ, 1988ರಲ್ಲಿ ಅಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯೂ, ವಿಜಯ ಭಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ಅದು ನಿರ್ಮಿಸಿದ ಪರಮ್ 8000 ಎಂಬ ಮಹಾಗಣಕವೂ ಸ್ಮರಣೆಗೆ ಬರುವುದು ಸಹಜವೇ. ಆದರೆ 2015ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಅಜೂರ್ ಕ್ಲೌಡ್‌ನ ‘ಸೆಂಟ್ರಲ್ ಇಂಡಿಯಾ’ ಕೇಂದ್ರವನ್ನು ಅದೇ ನಗರದಲ್ಲಿ ತೆರೆದಂದಿನಿಂದ, ಕೈಯಿಂದ ಮುಟ್ಟಲಾಗದ ಬೇರೊಂದು ಬಗೆಯ ಗಣಕವೂ ಅಲ್ಲಿ ಬಾಡಿಗೆಗೆ ದೊರೆಯುತ್ತಿದೆ. ಅದೇ ವರ್ಚುವಲ್ ಮಷಿನ್.

ಒಂದೇ ಸರ್ವರನ್ನು ಹೈಪರ್‌ವೈಸರ್ ಎಂಬ ತಂತ್ರಾಂಶವು ಹಲವು ಪಾಲುಮಾಡಿ, ಪ್ರತಿಯೊಂದು ಪಾಲಿಗೂ ತಾನೇ ಒಂದು ಪೂರ್ಣ ಗಣಕವೆಂಬ ಭಾವನೆಯನ್ನು ಹುಟ್ಟಿಸುತ್ತದೆ. ಪ್ರೊಸೆಸರಿಗೆ ‘ಸಿಪಿಯುಐಡಿ’ ಎಂಬ ಆದೇಶವನ್ನಿತ್ತು, ನೀನು ಯಾವ ಪೀಳಿಗೆಯವನು, ನಿನ್ನಲ್ಲಿ ಯಾವ ಯಾವ ಸಾಮರ್ಥ್ಯಗಳುಂಟು ಎಂದು ವಿಚಾರಿಸಿಕೊಳ್ಳುವುದು ಯಾವುದೇ ಆಪರೇಟಿಂಗ್ ಸಿಸ್ಟಂ ಎಚ್ಚತ್ತೊಡನೆ ಮಾಡುವ ಮೊದಲ ಕೆಲಸಗಳಲ್ಲೊಂದು. ವರ್ಚುವಲ್ ಮಷಿನ್ನಿನೊಳಗಿಂದ ಹೊರಟ ಈ ಪ್ರಶ್ನೆಯಾದರೋ ಚಿಪ್ಪಿನವರೆಗೆ ಹೋಗುವುದಿಲ್ಲ. ಹೈಪರ್‌ವೈಸರ್ ಅದನ್ನು ನಡುವೆಯೇ ತಡೆದು, ತನಗೆ ಉಚಿತವೆಂದು ತೋರಿದಷ್ಟನ್ನು ಮಾತ್ರ ಉತ್ತರವಾಗಿ ಹೇಳುತ್ತದೆ.

ಮರೆಮಾಚಿದುದರ ಬೆಲೆ ಅಲ್ಪವಲ್ಲ. ಗೂಢಲಿಪೀಕರಣವನ್ನು ಶೀಘ್ರವಾಗಿ ನಡೆಸುವ ಎಇಎಸ್ ಆದೇಶಗಳು 2010ರಿಂದಲೂ, ಹಲವು ಸಂಖ್ಯೆಗಳನ್ನು ಏಕಕಾಲಕ್ಕೆ ಗಣಿಸುವ ಎವಿಎಕ್ಸ್ ಆದೇಶಗಳು 2011ರಿಂದಲೂ ಇಂಟೆಲ್ ಪ್ರೊಸೆಸರುಗಳಲ್ಲಿ ಇವೆ. ಪುಣೆಯ ಪೇಠೆಗಳ ಹಳೆಯ ವಾಡೆಯೊಂದರಲ್ಲಿ ಹಿತ್ತಿಲ ಬಾವಿಯ ಸಂಗತಿಯನ್ನು ಯಜಮಾನನು ತಿಳಿಸದೆ ಹೋದರೆ ಬಾಡಿಗೆಯವರು ಓಣಿಯ ನಲ್ಲಿಯಿಂದ ನೀರು ಹೊರುವಂತೆ, ಈ ಸಾಮರ್ಥ್ಯಗಳ ಅರಿವಿಲ್ಲದ ಅತಿಥಿಯಂತ್ರವು, ಎಂದರೆ ವರ್ಚುವಲ್ ಮಷಿನ್ನು, ಅದೇ ಕೆಲಸವನ್ನು ಸುತ್ತುದಾರಿಯಲ್ಲಿ ನಿಧಾನವಾಗಿ ಮಾಡಿ ಮುಗಿಸುತ್ತದೆ. ಕೆಲವು ತಂತ್ರಾಂಶಗಳು ಕೆಲಸವನ್ನೇ ನಿರಾಕರಿಸುತ್ತವೆ: ಮಾಂಗೋಡಿಬಿ ಎಂಬ ಡೇಟಾಬೇಸ್ ತಂತ್ರಾಂಶದ 5.0ನೆಯ ಆವೃತ್ತಿಗೆ ಎವಿಎಕ್ಸ್ ಬೇಕೇ ಬೇಕು. 2022ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9, ತೀರ ಹಳೆಯ ಮಾದರಿಯ ಪ್ರೊಸೆಸರನ್ನು ತೋರಿಸುವ ವರ್ಚುವಲ್ ಮಷಿನ್ನಿನಲ್ಲಿ, ಕೆಳಗಿರುವ ನಿಜವಾದ ಚಿಪ್ಪು ಎಷ್ಟೇ ಹೊಸದಾಗಿದ್ದರೂ, ಏಳುವುದೇ ಇಲ್ಲ.

ಹಾಗಿದ್ದರೆ ಮರೆಮಾಚುವುದಾದರೂ ಏತಕ್ಕೆ? ಓಡುತ್ತಿರುವ ವರ್ಚುವಲ್ ಮಷಿನ್ನನ್ನು ನಿಲ್ಲಿಸದೆಯೇ ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವ ವಿದ್ಯೆಯೊಂದುಂಟು. ಅದಿಲ್ಲದೆ ದೊಡ್ಡ ಡೇಟಾ ಸೆಂಟರುಗಳ ನಿರ್ವಹಣೆ ದುಸ್ಸಾಧ್ಯ. ಪ್ರೋಗ್ರಾಮುಗಳಾದರೋ ಆರಂಭದಲ್ಲಿ ಒಮ್ಮೆ ಕೇಳಿಕೊಂಡ ಉತ್ತರವನ್ನೇ ಕೊನೆಯವರೆಗೆ ನಂಬಿರುತ್ತವೆಯಾದುದರಿಂದ, ಹೊಸ ಸರ್ವರಿನಲ್ಲಿ ಕಲಿತ ಆದೇಶವನ್ನು ಹಳೆಯ ಸರ್ವರಿನಲ್ಲಿ ಪ್ರಯೋಗಿಸಿದ ಕ್ಷಣದಲ್ಲಿಯೇ ಕುಸಿದುಬೀಳುತ್ತವೆ. ಈ ಕಾರಣದಿಂದ ನಿರ್ವಾಹಕರು ಎಲ್ಲ ಸರ್ವರುಗಳಿಗೂ ಸಮಾನವಾದ ಕನಿಷ್ಠ ಸಾಮರ್ಥ್ಯವನ್ನಷ್ಟೇ ಪ್ರಕಟಿಸುವುದುಂಟು. ಅಜೂರಿನ ಡಿವಿ3 ವರ್ಗದ ಯಂತ್ರವು ಹ್ಯಾಸ್‌ವೆಲ್, ಬ್ರಾಡ್‌ವೆಲ್, ಸ್ಕೈಲೇಕ್ ಮೊದಲಾದ ಹಲವು ಪೀಳಿಗೆಗಳ ಪ್ರೊಸೆಸರುಗಳಲ್ಲಿ ಯಾವುದರ ಮೇಲಾದರೂ ನೆಲೆಗೊಳ್ಳಬಹುದೆಂದು ಕಂಪನಿಯೇ ತಿಳಿಸಿರುವುದನ್ನು ನೋಡಿದರೆ, ಈ ಎಚ್ಚರಿಕೆಯ ಅಗತ್ಯವು ಮನವರಿಕೆಯಾಗದಿರದು.

ಆದರೂ ಮೌನವೇ ಸುರಕ್ಷಿತವೆಂಬ ನಂಬಿಕೆಯನ್ನು ನಾನು ಒಪ್ಪಲಾರೆ. 2018ರ ಜನವರಿಯಲ್ಲಿ ಪ್ರೊಸೆಸರುಗಳಲ್ಲಿ ಸ್ಪೆಕ್ಟರ್ ಎಂಬ ಭದ್ರತಾದೋಷವು ಬಯಲಾದಾಗ, ಅದನ್ನು ತಡೆಯಲೆಂದು ಅವುಗಳಿಗೆ ಹೊಸ ನಿಯಂತ್ರಣಗಳನ್ನು ಸೇರಿಸಲಾಯಿತು. ಹೈಪರ್‌ವೈಸರ್ ಅವುಗಳನ್ನು ತೋರಿಸದಿದ್ದಲ್ಲಿ, ಅತಿಥಿಯಂತ್ರವು ತನ್ನ ರಕ್ಷಣೆಗೆಂದೇ ಬಂದ ಆ ಸಾಧನವನ್ನು ಬಳಸಲಾರದೆ ಉಳಿಯಿತು. ಮುಚ್ಚಿಟ್ಟದ್ದು ಇಲ್ಲಿ ವೇಗವನ್ನಲ್ಲ, ರಕ್ಷಣೆಯನ್ನೇ.

ಆದುದರಿಂದ, ಒಂದೇ ಸರ್ವರಿರುವ ಕಾಲೇಜೋ ಸಣ್ಣ ಕಚೇರಿಯೋ ಆಗಿದ್ದಲ್ಲಿ, ಯಂತ್ರವು ಎಲ್ಲಿಗೂ ಸಾಗದ ಕಾರಣ, ಕೆವಿಎಂ ಎಂಬ ಹೈಪರ್‌ವೈಸರಿನಲ್ಲಿ ‘ಹೋಸ್ಟ್-ಪಾಸ್‌ಥ್ರೂ’ ಎಂಬ ವಿಧಾನವನ್ನಾರಿಸಿ ಪ್ರೊಸೆಸರಿನ ಸಾಮರ್ಥ್ಯವನ್ನು ಇದ್ದಂತೆಯೇ ತೋರಿಸುವುದು ಯುಕ್ತ. ಹಲವು ಸರ್ವರುಗಳಿರುವಲ್ಲಿ ಅತ್ಯಂತ ಹಳೆಯದನ್ನು ಗಮನಿಸಿ ಮಿತಿಯನ್ನು ಗೊತ್ತುಮಾಡಬೇಕು. ಬಾಡಿಗೆಗೆ ಪಡೆದವರು ತಮ್ಮ ಲಿನಕ್ಸ್ ಯಂತ್ರದಲ್ಲಿ ‘ಎಲ್‌ಎಸ್‌ಸಿಪಿಯು’ ಎಂಬ ಆಜ್ಞೆಯನ್ನು ಕೊಟ್ಟು, ಅಲ್ಲಿ ಕಾಣುವ ಸಾಮರ್ಥ್ಯಗಳ ಪಟ್ಟಿಯಲ್ಲಿ ತಮಗೆ ಬೇಕಾದುದು ಇದೆಯೇ ಎಂದು ನೋಡಿಕೊಳ್ಳಲಿ. ಇಲ್ಲವಾದರೆ, ಹಣ ತೆರುವ ಮೊದಲೇ ಕಾರಣವನ್ನು ಕೇಳಲಿ.