ಮನೆಯ ಫೋಟೊ ಮನೆಯಲ್ಲೇ ಇರಲಿ

ಮಗಳ ನಾಮಕರಣದಿಂದ ಈಚಿನ ಫೋಟೊಗಳೆಲ್ಲ ಮೂರು ಮೊಬೈಲುಗಳಲ್ಲಿ ಚದುರಿಹೋಗಿದ್ದವು. ಒಂದೆಡೆ, ಅದೂ ನಮ್ಮ ಮನೆಯಲ್ಲೇ ಇಡೋಣವೆಂದು ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಇಮ್ಮಿಚ್ ಎಂಬ ಮುಕ್ತ ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡಿದೆ. ನೋಡುವವರಿಗೆ ಅದು ಒಂದೇ ಆ್ಯಪ್. ಒಳಗೆ ದುಡಿಯುವವರು ನಾಲ್ವರು: ಪುಟ ತೋರಿಸುವ ಸರ್ವರ್, ಮುಖ ಗುರುತಿಸುವ ಮಷಿನ್ ಲರ್ನಿಂಗ್ ವಿಭಾಗ, ವಿವರ ಬರೆದಿಡುವ ಪೋಸ್ಟ್‌ಗ್ರೆಸ್ ಡೇಟಾಬೇಸ್, ಬಾಕಿ ಕೆಲಸಗಳ ಸರತಿ ಕಾಯುವ ರೆಡಿಸ್ ಮಾದರಿಯ ಇನ್ನೊಂದು.

ಹಿಂದೆಯಾದರೆ ನಾಲ್ಕನ್ನೂ ಒಂದೊಂದಾಗಿ ಕೂರಿಸಬೇಕಿತ್ತು. ಒಂದರ ಆವೃತ್ತಿ ಇನ್ನೊಂದಕ್ಕೆ ಹೊಂದದೆ ರಾತ್ರಿಯೆಲ್ಲ ಹೆಣಗಬೇಕಿತ್ತು. 2013ರಲ್ಲಿ ಬಂದ ಡಾಕರ್ ಎಂಬ ತಂತ್ರಾಂಶ ಕಂಟೇನರುಗಳ ಮೂಲಕ ಆ ತಾಪತ್ರಯ ತಪ್ಪಿಸಿತು. ತಂತ್ರಾಂಶಕ್ಕೆ ಬೇಕಾದ ಸಾಮಾನನ್ನೆಲ್ಲ ಬುತ್ತಿ ಕಟ್ಟಿದ ಹಾಗೆ ಜೊತೆಗೇ ಕಟ್ಟಿಕೊಡುವುದೇ ಕಂಟೇನರ್. ಪ್ರತಿಯೊಂದಕ್ಕೂ ಬೇರೆ ಆಪರೇಟಿಂಗ್ ಸಿಸ್ಟಂ ಬೇಡ, ಲಿನಕ್ಸಿನ ತಿರುಳಾದ ಕರ್ನಲ್ ಒಂದನ್ನೇ ಎಲ್ಲವೂ ಹಂಚಿಕೊಳ್ಳುತ್ತವೆ. ಹಳೆಯ ಯಂತ್ರವೂ ತಡೆದುಕೊಳ್ಳುವುದು ಇದರಿಂದಲೇ.

ಯಾವ ಕಂಟೇನರ್ ಯಾವುದನ್ನು ನೆಚ್ಚಿಕೊಂಡಿದೆ ಎಂಬುದೆಲ್ಲ ಇಮ್ಮಿಚ್‌ನವರೇ ಕೊಡುವ ಕಂಪೋಸ್ ಫೈಲಿನಲ್ಲಿ ಬರೆದಿರುತ್ತದೆ. ಸೆಟ್ಟಿಂಗುಗಳಿಗೆಂದೇ ಇರುವ ಪಕ್ಕದ ಎನ್ವ್ ಫೈಲಿನಲ್ಲಿ ನಾನು ತುಂಬಿದ್ದು ಮೂರೇ ವಿವರ: ಫೋಟೊಗಳ ಫೋಲ್ಡರ್, ಡೇಟಾಬೇಸಿನ ಫೋಲ್ಡರ್, ಪಾಸ್‌ವರ್ಡ್. ‘ಡಾಕರ್ ಕಂಪೋಸ್ ಅಪ್’ ಎಂದು ಟೈಪಿಸಿ ಎಂಟರ್ ಒತ್ತಿದೆ. ಕಂಟೇನರುಗಳ ಅಚ್ಚುಗಳಾದ ಇಮೇಜುಗಳು ಒಂದರ ಹಿಂದೊಂದು ಇಳಿದವು. ಬ್ರೌಸರಿನಲ್ಲಿ ಲ್ಯಾಪ್‌ಟಾಪಿನ ವಿಳಾಸ ಕೊಟ್ಟು, ಕೊನೆಗೆ 2283 ಎಂಬ ಪೋರ್ಟ್ ಸಂಖ್ಯೆ ಸೇರಿಸಿದಾಗ ಪುಟ ತೆರೆಯಿತು. ಮೊದಲು ನೋಂದಾಯಿಸಿದವರೇ ಅಡ್ಮಿನ್. ಮೊಬೈಲುಗಳ ಫೋಟೊಗಳನ್ನೆಲ್ಲ ಅದಕ್ಕೆ ಏರಿಸಿ ಎರಡು ದಿನ ಕಳೆದು, ತೀರಿಕೊಂಡ ಅಜ್ಜಿಯ ಮುಖದ ಮೇಲೆ ಒತ್ತಿದರೆ ಅವರಿದ್ದ ಚಿತ್ರಗಳೆಲ್ಲ ಸಾಲಾಗಿ ಬಂದವು. ಅಮ್ಮ ಬಹಳ ಹೊತ್ತು ಅಲ್ಲಿಂದ ಏಳಲಿಲ್ಲ.

ಇಷ್ಟು ಸುಲಭವಾದದ್ದರಲ್ಲೇ ಒಂದು ಅಪಾಯವಿದೆ. ಕಂಟೇನರ್ ಶಾಶ್ವತವಲ್ಲ. ಹೊಸ ಆವೃತ್ತಿ ಬಂದಾಗ ಹಳೆಯದನ್ನು ತೆಗೆದುಹಾಕಿ ಹೊಸದನ್ನು ಎಬ್ಬಿಸುತ್ತೇವೆ. ಒಳಗೆ ಬರೆದದ್ದು ಅದರೊಂದಿಗೇ ಹೋಗುತ್ತದೆ. ಉಳಿಯುವುದು ವಾಲ್ಯೂಮ್ ಮೂಲಕ ಹೊರಗಿನ ಡಿಸ್ಕಿಗೆ ಜೋಡಿಸಿದ್ದು ಮಾತ್ರ. ಹಾಗೆಂದು ಫೋಟೊಗಳ ಫೋಲ್ಡರನ್ನಷ್ಟೇ ಕಾಪಿ ಮಾಡಿಟ್ಟರೆ ಸಾಲದು. ಆಲ್ಬಂಗಳು, ಮುಖಗಳಿಗೆ ಕೊಟ್ಟ ಹೆಸರುಗಳು ಇರುವುದು ಡೇಟಾಬೇಸಿನಲ್ಲಿ. ಓಡುತ್ತಿರುವ ಡೇಟಾಬೇಸಿನ ಫೋಲ್ಡರನ್ನು ಹಾಗೇ ಕಾಪಿ ಮಾಡಿದರೆ ನಂಬುವಂತಿಲ್ಲ, ಅದರ ವಿವರಗಳನ್ನೆಲ್ಲ ಒಂದು ಫೈಲಿಗೆ ಬರೆದಿಡುವ ಡಂಪ್ ತೆಗೆಯಬೇಕು. ಫೋಟೊಗಳು, ಡಂಪ್ ಎರಡನ್ನೂ ಬೇರೊಂದು ಡಿಸ್ಕಿಗೆ ಹಾಕಿ, ಆ ಡಿಸ್ಕನ್ನು ಅಣ್ಣನದೋ ಅಕ್ಕನದೋ ಮನೆಯಲ್ಲಿಡಿ. ಮೊಬೈಲಿನಿಂದ ಫೋಟೊ ಅಳಿಸುವುದು ಆಮೇಲೆ.